ಒಲೆಯ ಪಕ್ಕದ ಮಣೆ

ಇವತ್ತು ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆಗೆ ಜೇವರ್ಗಿಯ ನಮ್ಮ ಅಡುಗೆಮನೆ ನೆನಪಾಯಿತು. ಅವ್ವ ರೊಟ್ಟಿ ಬಡಿಯುತ್ತಲೇ ಯೇಸುಸ್ವಾಮಿಯ ಜೊತೆ ಮಾತಾಡುತ್ತಿದ್ದಳು. ಎಮ್ಮೆ ಹಾಲು ಕೊಡದ್ದು, ಅಪ್ಪನ ಕೆಮ್ಮು, ಎಲ್ಲವನ್ನೂ ಹೇಳುತ್ತಿದ್ದಳು.

“ಕಣ್ಣು ಮುಚ್ಚಂಗಿಲ್ಲೇನವ್ವ?” ಎಂದು ಕೇಳಿದರೆ, “ಮುಚ್ಚಿದ್ರ ರೊಟ್ಟಿ ಸುಟ್ಟು ಹೋಗ್ತಾವ. ಅವಗ ಗೊತ್ತದ” ಎನ್ನುತ್ತಿದ್ದಳು.

ನನ್ನ ತಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಬರೀ ರೊಟ್ಟಿ ಬಡಿಯುವ ಸದ್ದು ಉಳಿಯಿತು. ಅವ್ವ ದೇವರನ್ನೇ ಬಿಟ್ಟಳೆಂದು ಹೆದರಿದ್ದೆ. ಒಂದು ಬೆಳಗ್ಗೆ ಅವಳು ಹಿಟ್ಟಿನ ಕೈಯಿಂದಲೇ ಒಲೆಯ ಪಕ್ಕಕ್ಕೆ ಖಾಲಿ ಮಣೆ ಸರಿಸಿ ಯೇಸುಸ್ವಾಮಿಗೆ ಮೆಲ್ಲಗೆ ಅಂದಳು: “ನಿನ್ನ ಜೋಡಿ ನಾ ಮಾತಾಡಂಗಿಲ್ಲ. ಆದ್ರ ಎದ್ದು ಹೋಗಬ್ಯಾಡ, ಇಲ್ಲೇ ಕುಂದ್ರು.”

ಅವ್ವನನ್ನು ಮಣ್ಣು ಮಾಡಿ ಬಂದು ವಾರವಾಯಿತು. ನನಗೂ ಪ್ರಾರ್ಥನೆ ಬರುತ್ತಿಲ್ಲ. ಗ್ಯಾಸಿನ ಪಕ್ಕ ಒಂದು ಕುರ್ಚಿ ಎಳೆದು ಹಾಕಿ, ಸುಮ್ಮನೆ ರೊಟ್ಟಿ ಬಡಿಯುತ್ತಿದ್ದೇನೆ.