ತಗಡಿನ ಮೇಲೆ ಒಣಗಿದ ಮಾದರಿ

ಊರ ಚರಂಡಿ ನೀರನ್ನು ಶುದ್ಧ ಮಾಡಿದ ಮೇಲೆ ಉಳಿಯುವ ಕೆಸರು ಹೊಲಕ್ಕೆ ಒಳ್ಳೆಯ ಗೊಬ್ಬರ. ಅದರಲ್ಲಿ ರೋಗಾಣು ಉಳಿದಿಲ್ಲ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕುವವಳು ನಾನು. ರಾಶಿಯ ನಾಲ್ಕೂ ಕಡೆ ಒಳಗೆ ಕೈಹಾಕಿ ಮಾದರಿಯನ್ನು ನಾನೇ ತೆಗೆಯಬೇಕು, ನಿಯಮ ಹಾಗಿದೆ. ನಾನೋ, ರೋಣದ ಘಟಕಕ್ಕೆ ಹೋದಾಗಲೆಲ್ಲ ಮೂಗು ಮುಚ್ಚಿಕೊಂಡು ಬೇವಿನ ನೆರಳಲ್ಲಿ ಕೂತುಬಿಡುತ್ತಿದ್ದೆ. ಅಲ್ಲಿ ದುಡಿಯುವ ಕಾಕಾ ಚೀಲ ತಂದುಕೊಟ್ಟರೆ ಸೀಲು ಒತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆ.

ಅವತ್ತು ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಒಳಗೆ ನುಣ್ಣನೆಯ ಒಣ ಪುಡಿ, ವಾಸನೆಯೇ ಇಲ್ಲ.

"ಏನ್ ಕಾಕಾ, ಜ್ವಾಳದ ಹಿಟ್ಟು ತಂದೀರೇನು?" ಎಂದು ಚೇಷ್ಟೆ ಮಾಡಿದೆ.

ಕಾಕಾ ಹಿಗ್ಗಿದರು. "ನಿಮಗ ವಾಸನಿ ಆಗಿಬರಂಗಿಲ್ಲಲ್ರಿ ಬಾಯಾರ. ನೀವು ಬರೂಕಿಂತ ಎಂಟು ದಿನ ಮೊದ್ಲ ತಗಡಿನ ಮ್ಯಾಲ ಹರವತೀನ್ರಿ, ಮೆಣಸಿನಕಾಯಿ ಒಣಗಿಸಿದಂಗ. ಆಮ್ಯಾಲ ಸಾಣಿಗಿ ಹಿಡೀತೀನಿ. ಹೆಣ್ಮಕ್ಕಳ ಕೈಗೆ ಹಸಿ ಹೊಲಸು ಹ್ಯಾಂಗ ಕೊಡೂದ್ರಿ?"

"ಪ್ರತಿ ಸಲಾನೂ?"

"ಪ್ರತಿ ಸಲಾನೂರಿ."

ಕಾದ ತಗಡಿನ ಮೇಲೆ ಎಂಟು ದಿನ ಬೆಂದದ್ದರಲ್ಲಿ ಯಾವ ರೋಗಾಣು ಬದುಕೀತು? ಪರೀಕ್ಷೆಯಾದದ್ದು ಅದು. ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದದ್ದು ರಾಶಿಯ ಹಸಿ ಕೆಸರು. "ನಿಮ್ಮ ತಲಿ ಕೆಟ್ಟೈತೇನ್ರಿ!" ಎಂದು ಕಿರುಚಿಬಿಟ್ಟೆ. ಕಾಕಾನ ಮುಖ ಸಣ್ಣದಾಯಿತು. ಬೈಸಿಕೊಳ್ಳಬೇಕಾದವಳು ನಾನು, ಆದರೂ ಬೈದೆ.

ಹಿಂದಿನ ಲೋಡು ಹೋಗಿದ್ದು ಸವಡಿಯ ಒಬ್ಬ ರೈತ ಹೆಂಗಸಿನ ಹೊಲಕ್ಕೆ. ಸ್ಕೂಟರ್ ಹತ್ತಿದೆ. ಆಕೆ ಮೆಂತ್ಯ ಹಾಕಿದ್ದು ದಾರಿಯಲ್ಲಿ ನೆನಪಾಗಿ ಇನ್ನೂ ಜೋರಾಗಿ ಓಡಿಸಿದೆ. ನಮ್ಮ ಕಡೆ ಎಳೆ ಮೆಂತ್ಯವನ್ನು ಯಾರು ಬೇಯಿಸುತ್ತಾರೆ? ಹಸಿಯದನ್ನೇ ರೊಟ್ಟಿಯ ಜೊತೆ ಕಡಿಯುತ್ತೇವೆ.

ಮನೆಯವರೆಲ್ಲ ಊಟಕ್ಕೆ ಕೂತಿದ್ದರು. "ಬರ್ರಿ ಬಾಯಾರ, ಕೂಡ್ರಿ, ಒಂದು ರೊಟ್ಟಿ ತಿನ್ರಿ," ಎಂದಳು ಆಕೆ. ಪರಾತದ ತುಂಬ ಹಸಿರು ಮೆಂತ್ಯ. ಒಂದೂವರೆ ವರ್ಷದ ಮೊಮ್ಮಗಳು ಒಂದು ಎಸಳು ಕಚ್ಚುತ್ತಿದ್ದಳು.

"ತಿನ್ನಬ್ಯಾಡ್ರಿ!" ಕೂಸಿನ ಕೈಯಿಂದ ಕಸಿದುಕೊಂಡೆ. ಅದು ಚೀರಿ ಅಳತೊಡಗಿತು. ನಿಂತಲ್ಲೇ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ.

ಆಕೆಯ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. "ಈ ಗೊಬ್ಬರ ಬ್ಯಾಡ ಅಂತ ಮನ್ಯಾಗ ಎಲ್ಲಾರೂ ಅಂದ್ರು. ನಿಮ್ಮ ಸಹಿ ತೋರ್ಸಿ ನಾನ ಅವರ ಬಾಯಿ ಮುಚ್ಚಿಸಿದೆ. ಈ ಕೂಸಿಗೆ ನಿನ್ನಿಯಿಂದ ವಾಂತಿಭೇದಿ. ಹಲ್ಲು ಬರಾಕತ್ತಾವ ಅಂತ ಸುಮ್ಮನಿದ್ವಿ."

"ಲಗೂ ನಡೀರಿ, ನನ್ನ ಗಾಡಿ ಮ್ಯಾಲ ದವಾಖಾನಿಗೆ ಹೋಗೂಣು," ಎಂದೆ.

ಆಕೆ ಕೂಸನ್ನು ಎದೆಗೆ ಅವುಚಿಕೊಂಡು ಎದ್ದಳು. ನನ್ನ ಮುಂದೆಯೇ ಹಾದು ಹೊರಗೆ ಹೋಗಿ, ಪಕ್ಕದ ಮನೆಯವರನ್ನು ಗಾಡಿ ತೆಗೆಯಲು ಕೂಗಿದಳು.