ಟ್ರಕ್ಕಿನ ಬಾಗಿಲಲ್ಲಿ ಅಡಗಿದ ಮೀಸೆ

ಆಟೋ ನಗರದಲ್ಲಿ ಇವತ್ತು ಅಪ್ಪನ ಹಳೇ ಟ್ರಕ್ಕಿನ ಬಾಗಿಲಿಗೆ ಹೊಸ ರೆಕ್ಸಿನ್ ಹಾಕಿಸುವಾಗ ಅಂಟಿನ ವಾಸನೆ ಬಡಿಯಿತು. ನಾನು ಚಿಕ್ಕವಳಿದ್ದಾಗಿನ ಒಂದು ದಿನ ನೆನಪಾಯಿತು.

ಗುಂಜಿ ಊರಿನ ನಾಟಕದಲ್ಲಿ ಅಪ್ಪ ಕೊನೆಗೆ ಸಾಯುವ ಖಳನಾಯಕ. ಮೀಸೆ ಇಲ್ಲದಿದ್ದರೆ ಆ ಪಾತ್ರ ಮಾಡಲಾರ, ಸಾಯಲಾರ ಎಂದುಕೊಂಡು ಅವನ ಕಟ್ಟುಮೀಸೆಯನ್ನು ನಾನು ಈ ಬಾಗಿಲಿನ ಹರಿದ ಮೊಣಕೈ ಮೆತ್ತೆಯೊಳಗೆ ತುರುಕಿದ್ದೆ. ನಾಟಕದ ದಿನವೇ ಅಪ್ಪ ಆ ಮೆತ್ತೆಯನ್ನು ರಿಪೇರಿಗೆ ಕೊಟ್ಟ. ಕುಶನ್ ಹೊಲಿಯುವವನು ಬ್ಲೇಡ್ ಎತ್ತಿದ.

"ಹಳೇದ ಬಿಚ್ಚಲೇನ್ರೀ?"

"ಬ್ಯಾಡ, ಅದರ ಮ್ಯಾಲ ಹೊಲಿ. ನಂಗ ಮೀಸಿ ಹುಡಕೂದೈತಿ."

ಮೀಸೆ ಸಿಗದೆ ಅಪ್ಪ ಕಾಡಿಗೆಯಲ್ಲೇ ಮೀಸೆ ಬಳಿದುಕೊಂಡು ಆ ರಾತ್ರಿ ರಂಗದ ಮೇಲೆ ಸತ್ತೇ ಸತ್ತ.

ಇವತ್ತು ಮೆತ್ತೆ ಬಿಚ್ಚಿದಾಗ ಮೀಸೆ ಉದುರಿತು. ನಾನು ತಪ್ಪೊಪ್ಪಿಕೊಂಡೆ. ಜೊತೆಗೆ ಬಂದಿದ್ದ ಎಂಬತ್ತರ ಅಪ್ಪ ಅದನ್ನು ತುಟಿಯ ಮೇಲಿಟ್ಟುಕೊಂಡ. "ಮೀಸಿ ಸಿಕ್ತಲ್ಲ, ಇನ್ನ ಸಾಯಾಕ ಅಡ್ಡಿ ಇಲ್ಲೇನವಾ?"

ನಾನು ಅದನ್ನು ಕಸಿದು, ಹೊಸ ಮೆತ್ತೆಯೊಳಗೆ ತುರುಕಿ, ಹೊಲಿಯಲು ಹೇಳಿದೆ.