ಜನರಿಲ್ಲದ ಊರಿಗೆ ಒಂಬತ್ತು ಸಾಲು

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ನಾನು ಪತ್ರಿಕೆಯ ಕೆಲಸಕ್ಕೆ ಹೊಸಬ. ಜಿಲ್ಲೆ ಬೇಗ ಬಂತು, ಅದರ ಕಾಗದಪತ್ರಗಳು ನಿಧಾನವಾಗಿ ಬಂದವು. ಎಷ್ಟೋ ವರ್ಷಗಳ ನಂತರ, ಕಚೇರಿಗಳಿಗೆ ಇಂಟರ್ನೆಟ್ ಬಂದ ಮೇಲೆ, ಜಿಲ್ಲೆಯ ಎಲ್ಲ ಊರುಗಳ ವಿವರವನ್ನು ಒಂದೇ ಕಡತದಲ್ಲಿ ಬರೆಯಬೇಕೆಂದು ತೀರ್ಮಾನವಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಮ್ಮ ತಮ್ಮ ಕಚೇರಿಯಲ್ಲೇ ಕುಳಿತು, ಇಂಟರ್ನೆಟ್ಟಿನ ಮೂಲಕ ಅದೇ ಕಡತವನ್ನು ತೆರೆದು, ಒಟ್ಟಿಗೇ ಬರೆಯುವುದು. ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಎಂಬುದನ್ನು ಕಡತವೇ ನೆನಪಿಟ್ಟುಕೊಳ್ಳುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಭಾಷೆ ತಿದ್ದಲು ಒಬ್ಬ ಪತ್ರಕರ್ತ ಬೇಕಿತ್ತು. ನನ್ನನ್ನು ಕರೆದರು.

ಪ್ರತಿ ತಾಲೂಕಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟಿದ್ದರು. ಅವು ಎಷ್ಟು ಭದ್ರವಾಗಿದ್ದವೆಂದರೆ ಯಾರಿಗೆ ಕೊಟ್ಟಿದ್ದರೋ ಅವರನ್ನೇ ಒಳಗೆ ಬಿಡುತ್ತಿರಲಿಲ್ಲ. ಮೊದಲು ಯಲಬುರ್ಗಾದವರು ಕೊಪ್ಪಳಕ್ಕೆ ಫೋನ್ ಮಾಡಿದರು, ಆಮೇಲೆ ಗಂಗಾವತಿಯವರು. ಕೊಪ್ಪಳದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಕುಕನೂರಿನವರು, ವಯಸ್ಸಿನಲ್ಲಿ ಹಿರಿಯರು. ಕೋರ್ಟಿನ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದು ನೌಕರಿಗೆ ಬಂದವರು. ಅವರು ಮಾನಿಟರಿನ ಕೆಳಗೆ ಅಂಟಿಸಿದ್ದ ಚೀಟಿ ನೋಡಿ ಹಿರಿಯ ಅಧಿಕಾರಿಯ ಪಾಸ್‌ವರ್ಡನ್ನೇ ಎಲ್ಲರಿಗೂ ಹೇಳಿದರು. "ಸಾಹೇಬ್ರಿಗೆ ಟೈಮ್ ಎಲ್ಲೈತ್ರಿ, ಅವರು ಅದನ್ನ ತಗದೂ ನೋಡಂಗಿಲ್ಲ. ಸುಮ್ನ ಕೆಡ್ತಿತ್ತು, ಉಪಯೋಗ ಆತು," ಎಂದರು ನನಗೆ.

ಒಂದು ತಿಂಗಳೊಳಗೆ ನಾಲ್ಕೂ ತಾಲೂಕಿನವರು ಸಾಹೇಬರಾಗಿಯೇ ಬರೆಯತೊಡಗಿದರು. ಕಡತ ಪ್ರಾಮಾಣಿಕವಾಗಿ ಪ್ರತಿ ಸಾಲಿಗೂ ಸಾಹೇಬರ ಹೆಸರು ಹಚ್ಚಿತು. ತೊಂದರೆ ಶುರುವಾದದ್ದು ಆಗ. ಮೇಲಿನವರು ಬರೆದದ್ದನ್ನು ಕೆಳಗಿನವರು ಹೊಡೆದುಹಾಕುವ ರೂಢಿ ನಮ್ಮ ಕಚೇರಿಗಳಲ್ಲಿ ಇಲ್ಲ. ತಪ್ಪಿದ್ದರೆ ಅದರ ಕೆಳಗೆ ವಿನಯದಿಂದ ಇನ್ನೊಂದು ಸಾಲು ಬರೆಯುತ್ತಾರೆ. ಈಗ ಎಲ್ಲ ಸಾಲೂ ಸಾಹೇಬರದೇ ಆದ್ದರಿಂದ ಯಾವುದನ್ನೂ ಅಳಿಸುವಂತಿರಲಿಲ್ಲ. ನಿನ್ನೆ ತಾನೇ ಬರೆದ ತಪ್ಪನ್ನು ಇಂದು ಅಳಿಸಲೂ ಜನ ಅಂಜಿದರು. ಕುಷ್ಟಗಿಯ ಒಂದು ಕೆರೆ ಮೊದಲ ಸಾಲಿನಲ್ಲಿ ತುಂಬಿತ್ತು, ಎರಡನೆಯದರಲ್ಲಿ ಒಣಗಿತ್ತು, ಮೂರನೆಯದರಲ್ಲಿ 'ಮಾನ್ಯರೇ, ಸದರಿ ಕೆರೆ ಇರುವುದು ಪಕ್ಕದ ಊರಿನಲ್ಲಿ' ಎಂದಿತ್ತು.

ಒಂದು ಹುಣ್ಣಿಮೆಯ ದಿನ ಇರಕಲ್ಲಗಡ ಹೋಬಳಿಯಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಬಂದರು. ಸಾಹೇಬರು ಹುಲಿಗಿಯಲ್ಲಿದ್ದರು, ಅಲ್ಲಿಯ ಗುಡಿಗೆ ಅಮ್ಮನ ದರ್ಶನಕ್ಕೆ ಬರುವ ಜನರ ವ್ಯವಸ್ಥೆ ನೋಡುವುದು ಅಂದಿನ ಅವರ ಕೆಲಸ. ಈಕೆಯ ಊರಿಗೆ ಅಂಗನವಾಡಿ ಕೋಣೆ ಇರಲಿಲ್ಲ. ಮಕ್ಕಳು ಈಕೆಯ ಮನೆಯ ಪಡಸಾಲೆಯಲ್ಲೇ ಕೂಡುತ್ತಿದ್ದರು, ಎಮ್ಮೆಯ ಪಕ್ಕದಲ್ಲಿ. ಕೋಣೆ ಕೇಳಿದರೆ ಕಚೇರಿಯಲ್ಲಿ ಬಂದ ಉತ್ತರ ಒಂದೇ: ನಿಮ್ಮ ಊರು ಬೇಚರಾಕ್. ಎಂದರೆ ದೀಪ ಹಚ್ಚುವವರಿಲ್ಲದ, ಜನವಸತಿಯಿಲ್ಲದ ಊರು. ನಿಜಾಮರ ಕಾಲದ ಮಾತು. ಎಂದೋ ಪ್ಲೇಗಿಗೆ ಹೆದರಿ ಜನ ಊರು ಬಿಟ್ಟಿದ್ದರು, ಮೊಮ್ಮಕ್ಕಳ ಕಾಲಕ್ಕೆ ಮರಳಿ ಬಂದು ಮನೆ ಕಟ್ಟಿದ್ದರು. ಕಾಗದ ಮಾತ್ರ ಮರಳಿ ಬಂದಿರಲಿಲ್ಲ. ಮರುದಿನ ಕಡತವನ್ನು ಮುಚ್ಚುವವರಿದ್ದರು, ಕೋಣೆಗಳ ಪಟ್ಟಿ ಅದರಿಂದಲೇ ಆಗುವುದಿತ್ತು.

"ನೋಡ್ರಿ ಅಕ್ಕಾರ, ಇದರಾಗ ನಿಮ್ಮೂರಾಗ ಯಾರೂ ಇಲ್ಲ," ಎಂದರು ಕುಕನೂರಿನವರು.

"ಯಾರೂ ಇಲ್ಲಂದ್ರ ಮುಂಜಾನೆ ನಾ ಯಾರಿಗೆ ರೊಟ್ಟಿ ಬಡದು ಬಂದೇನ್ರೀ ಅಣ್ಣಾರ? ದೆವ್ವಕ್ಕೇನು?"

"ತಡೀರಿ, ಕೆಳಗ ಇನ್ನೂ ಐತಿ." ಅವರು ಆ ಊರಿನ ಒಂಬತ್ತೂ ಸಾಲುಗಳ ಮೇಲೆ ಮೌಸ್ ಎಳೆದು ನೀಲಿ ಮಾಡಿ, ಕೋರ್ಟಿನಲ್ಲಿ ಓದುವಂತೆ ಓದಿದರು. ಬೇಚರಾಕ್ ಗ್ರಾಮ, ಜನವಸತಿ ಇರುವುದಿಲ್ಲ. ಮಾನ್ಯರೇ, ಜನವಸತಿ ಇರುತ್ತದೆ. ಮಾನ್ಯರೇ, ಮೇಲಿನ ಎರಡೂ ಸಾಲುಗಳನ್ನು ಪರಿಶೀಲಿಸುವುದು. ಪರಿಶೀಲಿಸಲಾಯಿತು, ಭೇಟಿಯ ದಿನ ಊರಿನವರೆಲ್ಲ ಕೂಲಿಗೆ ಹೋಗಿದ್ದರಿಂದ ಯಾರೂ ಕಂಡುಬರಲಿಲ್ಲ. ಹೀಗೆ ಕೆಳಗಿನವರೆಗೆ. ಎಂಟನೆಯದು ನನ್ನದು. 'ಈ ವಿಷಯದಲ್ಲಿ ಸ್ಪಷ್ಟತೆ ಅಗತ್ಯ' ಎಂದು ನಾನೂ ಸಾಹೇಬರ ಹೆಸರಿನಲ್ಲೇ ಬರೆದಿದ್ದೆ. ಒಂಬತ್ತನೆಯದು ನನ್ನ ಸಾಲಿಗೆ ಯಾರೋ ಸೂಚಿಸಿದ್ದ ಸಹಮತ.

"ಇವೆಲ್ಲಾ ಯಾರು ಬರದದ್ರಿ?"

"ಎಲ್ಲಾನೂ ಸಾಹೇಬ್ರ ಬರದದ್ದು. ಹೆಸರ ನೋಡ್ರಿ ಬೇಕಾರ."

"ಸಾಹೇಬ್ರು ಒಂದ ಬಾಯಿಲೆ ಒಂಬತ್ತು ಮಾತು ಆಡ್ತಾರೇನ್ರಿ? ಅಳಿಸಿ, ಖರೆ ಇದ್ದದ್ದು ಬರೀರಿ."

"ಟೈಪ್ ಮಾಡೂದು ನನ್ನ ಕೆಲಸ ಅಕ್ಕಾರ. ಅಳಸೂದು ನನ್ನ ಕೆಲಸ ಅಲ್ಲ."

ಆಕೆ ನನ್ನ ಕಡೆ ತಿರುಗಿದರು. "ನೀವು ಪೇಪರಿನವರಂತ. ನೀವರ ಅಳಸ್ರಿ."

ಅಷ್ಟೊತ್ತಿಗೆ ನಾನು ಬೇರೆಯವರ ವರದಿಗಳನ್ನು ಕತ್ತರಿಸುತ್ತ ಹಲವು ವರ್ಷ ಕಳೆದಿದ್ದೆ. ಜಾಹೀರಾತು ಬಂದರೆ ಅರ್ಧ ಕಾಲಂ ಸುದ್ದಿಯನ್ನು ಚಹಾ ಆರುವುದರೊಳಗೆ ತೆಗೆಯುತ್ತಿದ್ದೆ. ಆದರೆ ಆ ದಿನ ನನಗೆ ಕಚೇರಿಯ ಫ್ಯಾನಿನ ಮೇಲೆ ವಿಶೇಷ ಆಸಕ್ತಿ ಹುಟ್ಟಿತು. "ಸಾಹೇಬರು ಬರಲಿ, ಕೇಳೋಣ," ಎಂದೆ.

"ಅವರು ಬರೂದು ಯಾವಾಗ್ರಿ?"

"ನಾಳೆ ಸಂಜೀಗೆ," ಎಂದರು ಕುಕನೂರಿನವರು. ಕಡತ ಮುಚ್ಚುವುದು ಮರುದಿನ ಮಧ್ಯಾಹ್ನಕ್ಕೆ.

ಆಕೆ ಚೀಲದಿಂದ ಹಾಜರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು, ಮಕ್ಕಳ ಹೆಸರಿನ ಹಾಳೆ ತೆರೆದು. ಆಮೇಲೆ ಕೇಳಿದರು: "ಯಾವ ಗುಂಡಿ ಒತ್ತಿದ್ರ ಹೋಗ್ತಾವ?"

"ಅದನ್ನ ಮಾತ್ರ ನಾ ಹೇಳಂಗಿಲ್ಲ," ಎಂದರು ಅವರು. ಬಾಯಿ ಹೇಳಲಿಲ್ಲ, ಕಣ್ಣು ಕೀಬೋರ್ಡಿನ ಬಲಗಡೆಗೆ ಹೋಯಿತು. ಆಕೆ ಬಗ್ಗಿ, ರೊಟ್ಟಿ ತಟ್ಟುವ ಕೈಯ ಒಂದೇ ಬೆರಳಿನಿಂದ ಅದನ್ನು ಒತ್ತಿದರು. ನೀಲಿ ಬಣ್ಣ ಹೋಯಿತು. ಒಂಬತ್ತು ಸಾಲು, ಒಂಬತ್ತು ಸಲದ ವಿನಯ, ನನ್ನ ಸ್ಪಷ್ಟತೆ, ಎಲ್ಲ ಹೋದವು. ಪ್ಲೇಗಿನ ಕಾಲದಿಂದ ಯಾರೂ ಮಾಡದಿದ್ದ ಕೆಲಸಕ್ಕೆ ಹಿಡಿದ ಸಮಯ ಅಷ್ಟೇ.

"ಹೇಳ್ರಿ, ಟೈಪ್ ಮಾಡ್ತೀನಿ," ಎಂದು ಕುಕನೂರಿನವರು ಬೆರಳಿನ ನೆಟಿಗೆ ಮುರಿದರು. ಈಗ ಅದು ಅವರ ಕೆಲಸ. ಆಕೆ ಹೇಳಿದ್ದು ಇಷ್ಟೇ: ಈ ಊರಿನಲ್ಲಿ ಜನರಿದ್ದಾರೆ, ಮಕ್ಕಳಿದ್ದಾರೆ, ಅಂಗನವಾಡಿಗೆ ಕೋಣೆ ಇಲ್ಲ. ನಾನು ತಿದ್ದಲಿಕ್ಕೆ ಏನೂ ಇರಲಿಲ್ಲ.

ಹದಿನೈದು ದಿನದ ನಂತರ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು. ಇಡೀ ಕಡತದಲ್ಲಿ ಸಾವಿರಾರು ಸಾಲು ಸೇರಿವೆ, ಅಳಿಸಿದ್ದು ಮಾತ್ರ ಒಂದೇ ಸಲ, ಇದೇಕೆ ಎಂದು ಅವರಿಗೆ ಕುತೂಹಲ. ತೆರೆಯ ಮೇಲೆ ತೋರಿಸಿದರು: ಇಂಥ ಊರು, ಇಂಥ ದಿನ, ಇಂಥ ಹೊತ್ತು, ಅಳಿಸಿದವರು ಸಾಹೇಬರು. ಸಾಹೇಬರು ಆ ದಿನಾಂಕವನ್ನು ನೋಡಿದರು. ಆ ಹೊತ್ತಿಗೆ ತಾವು ಹುಲಿಗಿಯಲ್ಲಿ ಮೈಕ್ ಹಿಡಿದು, ಸಾಲಿನಲ್ಲಿ ಬರ್ರಿ ಎಂದು ಜನರಿಗೆ ಹೇಳುತ್ತಿದ್ದದ್ದು ಅವರಿಗೆ ನೆನಪಾಗಿರಬೇಕು. ಕುಕನೂರಿನವರನ್ನು ನೋಡಿದರು. ಕುಕನೂರಿನವರ ಅಂಗೈ ಮಾನಿಟರಿನ ಕೆಳಗಿನ ಚೀಟಿಯ ಮೇಲಿತ್ತು. ಸಾಹೇಬರ ಮುಂದೆ ಎರಡೇ ದಾರಿ: ಪಾಸ್‌ವರ್ಡ್ ನಾಲ್ಕು ತಾಲೂಕು ಸುತ್ತಿದೆ ಎನ್ನುವುದು, ಇಲ್ಲವೇ ಆ ಊರಿನಲ್ಲಿ ಜನರಿದ್ದಾರೆ ಎನ್ನುವುದು.

"ಹೌದ್ರಿ, ನಾನೇ ಅಳಸೀನಿ," ಎಂದರು. "ಅಲ್ಲಿ ಜನ ಅದಾರ. ಪರಿಶೀಲನೆ ಮಾಡಿಯೇ ಬರದೀನಿ."

ಬೆಂಗಳೂರಿನವರು ಮೆಚ್ಚಿ ತಲೆಯಾಡಿಸಿದರು. ಈ ಸುದ್ದಿ ಮರುದಿನವೇ ಯಲಬುರ್ಗಾ ಮುಟ್ಟಿತು. ಅಲ್ಲಿಂದ ಫೋನ್: "ಸಾಹೇಬ್ರು ಅಳಸಾಕ ಶುರು ಮಾಡ್ಯಾರಂತ. ಹಂಗಾರ ನಾವೂ ಅಳಸಬಹುದೇನ್ರಿ?" ಕಡತ ಮುಚ್ಚಿಹೋಗಿತ್ತು. ಕುಷ್ಟಗಿಯ ಕೆರೆ ತುಂಬಿ, ಒಣಗಿ, ಪಕ್ಕದ ಊರಿನಲ್ಲಿ ಉಳಿಯಿತು.

ಕೋಣೆ ಮಂಜೂರಾಯಿತು. ಉದ್ಘಾಟನೆಗೆ ನಾನೂ ಸಾಹೇಬರ ಜೀಪಿನಲ್ಲೇ ಹೋದೆ. ಇರಕಲ್ಲಗಡ ದಾಟಿದ ಮೇಲೆ ಅವರು ಎರಡು ಸಲ ಡ್ರೈವರನ್ನು ದಾರಿ ಕೇಳಿದರು. ಕೋಣೆಯ ಮುಂದೆ ಊರೇ ನಿಂತಿತ್ತು, ಅಂದು ಯಾರೂ ಕೂಲಿಗೆ ಹೋಗಿರಲಿಲ್ಲ. ಸಾಹೇಬರು ಇಳಿದು ಆ ಕಡೆ ಈ ಕಡೆ ನೋಡಿದರು.

"ಭಾಳ ಮಂದಿ ಅದಾರಲ್ಲ ಇಲ್ಲಿ!"

ಆಕೆ ಆರತಿಯ ತಟ್ಟೆ ಹಿಡಿದು ನಿಂತಿದ್ದರು. "ಅದಾರ್ರಿ ಸಾಹೇಬ್ರ," ಎಂದರು. "ನೀವ ಬರದೀರಲ್ಲ."